ಹೊರಗಿದ್ದ ದಿನಗಳ ಲೆಕ್ಕ

ಮೈಲಾಪೂರ್, ಚೆನ್ನೈ
ಭಾನುವಾರ, 14 ಸೆಪ್ಟೆಂಬರ್ 2025

ಚಿ. ಶ್ರೀಶನಿಗೆ,

ನಿನ್ನ ಅಪ್ಪನ ಆಶೀರ್ವಾದ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ಪದ್ಧತಿ, ಅದಕ್ಕೇ ಬರೆದಿದ್ದೇನೆ. ನಿಜವಾಗಿ ಹೇಗಿದ್ದೇವೆ ಎಂಬುದು ಮುಂದೆ ಓದಿದರೆ ತಿಳಿಯುತ್ತದೆ. ಈ ಕಾಗದ ಹೋದ ವಾರವೇ ನಿನ್ನ ಕೈ ಸೇರಬೇಕಿತ್ತು. ಬರೆಯಲು ಕೂತಾಗಲೆಲ್ಲ ಬರೀ ಬೈಗುಳವೇ ಬರುತ್ತಿತ್ತು, ಹರಿದು ಹಾಕುತ್ತಿದ್ದೆ. ತಡವಾದದ್ದಕ್ಕೆ ಮನಸ್ಸಿಗೆ ತಂದುಕೊಳ್ಳಬೇಡ. ಬೈಗುಳವನ್ನು ಮಾತ್ರ ಮನಸ್ಸಿಗೆ ತಂದುಕೋ, ಅದು ಈ ಸಲವೂ ಸಾಕಷ್ಟು ಉಳಿದಿದೆ.

ವಾಟ್ಸಾಪ್ ಇರುವಾಗ ಅಪ್ಪ ಯಾಕೆ ಕಾಗದ ಬರೆದ ಎಂದು ಹೊಸೂರಿನ ನಿನ್ನ ರೂಮಿನಲ್ಲಿ ಕೂತು ನೀನು ಯೋಚಿಸುತ್ತಿರಬಹುದು. ಫೋನಾದರೆ ನೀನು ಕಟ್ ಮಾಡುತ್ತೀಯ, ಅವತ್ತು ಮಾಡಿದೆಯಲ್ಲ. ಅದೂ ಅಲ್ಲದೆ, ಈ ವಿಷಯವನ್ನು ಮಗನ ಮುಖ ನೋಡಿಕೊಂಡು ಮಾತಾಡುವ ಧೈರ್ಯ ನನಗೂ ಇಲ್ಲ. ಮೊಮ್ಮಗನಿಗೆ ಕಥೆ ಹೇಳುವ ವಯಸ್ಸಿನಲ್ಲಿ ಸೊಸೆಯ ಮುಟ್ಟಿನ ಲೆಕ್ಕವನ್ನು ಮಗನಿಗೆ ಬರೆದು ತಿಳಿಸುವ ಕೆಲಸ ಬಂತಲ್ಲ ಎಂದು ಮೊದಲು ನಾಚಿಕೆಯಾಗಿತ್ತು. ಈಗ ನಾಚಿಕೆ ಹೋಗಿದೆ, ಸಿಟ್ಟು ಇದೆ.

ಮೊದಲು ಊರ ಸುದ್ದಿ ಹೇಳಿಬಿಡುತ್ತೇನೆ. ಮೆಟ್ರೋದವರು ಲಸ್ ಕಡೆ ಅಗೆಯುವುದು ಮುಗಿಯುವ ಹಾಗೆ ಕಾಣುವುದಿಲ್ಲ, ತರಕಾರಿಗೆ ಹೋಗಬೇಕಾದರೂ ಸುತ್ತು ಹಾಕಬೇಕು. ನಿನ್ನ ಅಮ್ಮನ ಮಂಡಿ ನೋವು ಹಾಗೇ ಇದೆ. ನಿನ್ನ ಅಕ್ಕ ಸೀತಾ ಶಾಲೆಗೆ ಹೋಗಿ ಬರುತ್ತಿದ್ದಾಳೆ, ಮಕ್ಕಳ ಪರೀಕ್ಷೆ ಪೇಪರು ತಿದ್ದುವುದರಲ್ಲೇ ಅವಳ ಸಂಜೆ ಕಳೆಯುತ್ತದೆ. ಚಿನ್ಮಯಿ ಸಂತೋಷವಾಗಿದ್ದಾಳೆ. ಹೌದು, ಸರಿಯಾಗಿಯೇ ಓದಿದೆ, ನಿನ್ನ ಹೆಂಡತಿ ಸಂತೋಷವಾಗಿದ್ದಾಳೆ. ಅದನ್ನು ನೋಡಿದಾಗಲೆಲ್ಲ ನನ್ನ ಮೈ ಉರಿಯುತ್ತದೆ. ಯಾಕೆ ಎಂದು ನಿನಗೆ ಗೊತ್ತು.

ಹೋದ ವಾರ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದವನು ನಾನು. ನೀನು ರಜೆ ಇಲ್ಲ ಎಂದೆ. ನಿನ್ನ ಅಮ್ಮ ಮೆಟ್ಟಿಲು ಹತ್ತಲಾರೆ ಎಂದಳು. ಚಿನ್ಮಯಿ ಪ್ಯಾರೀಸ್ ಕಾರ್ನರ್‌ನ ಆಫೀಸಿಗೆ ಅರ್ಧ ದಿನ ರಜೆ ಹಾಕಿ, "ಮಾವ, ಒಬ್ಬಳೇ ಹೋಗೋಕೆ ಭಯ ಆಗುತ್ತೆ, ನೀವು ಬರ್ತೀರಾ?" ಎಂದು ಕೇಳಿದಳು. ನಾನು ಹೊರಗೆ ಬೆಂಚಿನ ಮೇಲೆ ಕೂತು ಪೇಪರ್ ಓದೋಣ ಎಂದುಕೊಂಡಿದ್ದೆ. ಆ ಡಾಕ್ಟರಮ್ಮ ಬಿಡಲಿಲ್ಲ. "ಉಳ್ಳ ವಾಂಗ ಸಾರ್" ಎಂದು ಒಳಗೇ ಕರೆದು ಕೂರಿಸಿದರು. ಫ್ಯಾನು ನೋಡುತ್ತಾ ಕೂತೆ.

ಕಡೇ ಸಲ ಯಾವ ತಾರೀಖು ಎಂದು ಕೇಳಿದರು. ಚಿನ್ಮಯಿ ಹೇಳಿದಳು. ಎಷ್ಟು ದಿನ ಇರುತ್ತದೆ ಎಂದು ಕೇಳಿದರು.

"ಅದಾದ್ಮೇಲೆ ಒಂದು ದಿನ ಅಷ್ಟೆ ಡಾಕ್ಟರ್."

"ಒಂದೇ ದಿನಾನಾ?"

"ಇಲ್ಲ, ಅದಕ್ಕೆ ಮುಂಚೆ ಮೂರು ದಿನ ಹೊರಗಿರ್ತೀನಲ್ಲ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ನಾನ್ ಕುಳಿಚ್ಚ ನಾಳ್ ಕೇಕ್ಕಲೆ ಮ್ಮಾ" ಎಂದರು. ನೀನು ಸ್ನಾನ ಮಾಡಿದ ದಿನವನ್ನು ನಾನು ಕೇಳುತ್ತಿಲ್ಲ ಎಂದು. ಆಮೇಲೆ ಒಂದೊಂದೇ ಕೇಳಿ ಎಲ್ಲವನ್ನೂ ಹೊರಗೆ ತೆಗೆದರು. ನಮ್ಮ ಮನೆಯಲ್ಲಿ ಒಂದನೇ ದಿನ ಎಂದರೆ ತಲೆಗೆ ನೀರು ಹಾಕಿಕೊಂಡು ಒಳಗೆ ಬಂದ ದಿನ. ಅದರ ಹಿಂದಿನ ಮೂರು ದಿನ ಬಾಲ್ಕನಿ ಪಕ್ಕದ ಕೋಣೆ, ಬೇರೆ ಚಾಪೆ, ಬೇರೆ ತಟ್ಟೆ. ಆ ದಿನಗಳು ಯಾವ ಎಣಿಕೆಗೂ ಸೇರುವುದಿಲ್ಲ. ಚಿನ್ಮಯಿಯ ತವರಿನಲ್ಲೂ ಇದೇ ರೂಢಿಯಂತೆ, ಅದಕ್ಕೆ ಅವಳಿಗೂ ಅನುಮಾನ ಬರಲಿಲ್ಲ. ಫೋನಿನಲ್ಲಿ ಒಂದು ಆಪ್ ಇಟ್ಟುಕೊಂಡಿದ್ದಳು, ಅದಕ್ಕೂ ಸ್ನಾನದ ದಿನವನ್ನೇ ಕೊಟ್ಟಿದ್ದಳು. ಪಾಪ, ಅದು ತಾನೇ ಏನು ಮಾಡೀತು, ಕೊಟ್ಟದ್ದನ್ನು ಎಣಿಸಿತು.

"ನಿಮ್ಮ ಯಜಮಾನ್ರು ಯಾವಾಗ ಬರ್ತಾರೆ?" ಎಂದು ಡಾಕ್ಟರಮ್ಮ ಕೇಳಿದರು.

"ಅತ್ತೆ ಹದಿನಾಲ್ಕನೇ ದಿನ ಎಣಿಸಿ ಫೋನ್ ಮಾಡ್ತಾರೆ. ಅವರು ಹೊಸೂರಿಂದ ಬರ್ತಾರೆ."

"ಆ ಒಂದು ದಿನಾನಾ?"

"ಒಂದು ದಿನ, ಕೆಲವು ಸಲ ಎರಡು."

ಡಾಕ್ಟರಮ್ಮ ನನ್ನ ಕಡೆ ತಿರುಗಿ, ಸಾರ್ ನೀವೂ ಕೇಳಿಸಿಕೊಳ್ಳಿ ಎಂದು ಒಂದು ಹಾಳೆಯ ಮೇಲೆ ಗೆರೆ ಎಳೆದು ತೋರಿಸಿದರು. "ಮುಟ್ಟೈ" ಎಂದು, ಅಂದರೆ ಹೆಣ್ಣಿನ ಒಳಗಿನ ಮೊಟ್ಟೆ ಎಂದು, ಅವರು ಹತ್ತು ಸಲವಾದರೂ ಹೇಳಿರಬೇಕು. ನಮ್ಮ ಮನೆಯಲ್ಲಿ ಮೊಟ್ಟೆ ಎಂಬ ಮಾತನ್ನೇ ಯಾರೂ ಬಾಯಿಗೆ ತಂದವರಲ್ಲ, ನಾನು ತಲೆಯಾಡಿಸುತ್ತಾ ಕೂತೆ. ಅದು ಹೊರಗೆ ಬರುವುದು ಮುಟ್ಟಾದ ಹದಿನಾಲ್ಕು ದಿನಕ್ಕೆ ಎಂದು ಎಲ್ಲರೂ ಅಂದುಕೊಂಡಿದ್ದಾರೆ, ಹಾಗಲ್ಲವಂತೆ. ಮುಂದಿನ ಮುಟ್ಟಿಗೆ ಹೆಚ್ಚುಕಡಿಮೆ ಹದಿನಾಲ್ಕು ದಿನ ಮುಂಚೆಯಂತೆ. ಚಿನ್ಮಯಿಯದು ತಿಂಗಳಿಗೆ ಸ್ವಲ್ಪ ಮುಂಚೆಯೇ ಬರುವಂಥದ್ದು, ಹಾಗಾಗಿ ಅದೂ ಮುಂಚೆಯೇ ಹೊರಬೀಳುತ್ತದೆ. ಹೊರಬಿದ್ದ ಮೇಲೆ ಅದಕ್ಕೆ ಒಂದು ದಿನದ ಆಯಸ್ಸು, ಅಷ್ಟೂ ಇರುವುದಿಲ್ಲವಂತೆ. ಗಂಡಸಿನ ಕಡೆಯದು ಮಾತ್ರ ಒಳಗೆ ಐದು ದಿನದವರೆಗೆ ಕಾಯಬಲ್ಲದು. ಆದ್ದರಿಂದ ಮುಖ್ಯವಾದದ್ದು ಅದಕ್ಕೆ ಹಿಂದಿನ ದಿನಗಳು. ಆಮೇಲೆ ಬಂದರೆ ಏನೂ ಪ್ರಯೋಜನವಿಲ್ಲ.

ರೈಲ್ವೆ ಕಂಟ್ರೋಲ್ ಆಫೀಸಿನಲ್ಲಿ ಗಾಡಿಗಳ ಸಮಯ ನೋಡುತ್ತಲೇ ಕೂದಲು ನರೆಸಿಕೊಂಡವನು ನಾನು, ಇಷ್ಟು ನನಗೆ ಒಂದೇ ಸಲಕ್ಕೆ ಅರ್ಥವಾಯಿತು. ಪ್ರಯಾಣಿಕ ಪ್ಲಾಟ್‌ಫಾರಂಗೆ ಮುಂಚೆ ಬಂದು ಎಷ್ಟು ಹೊತ್ತು ಕಾದರೂ ನಷ್ಟವಿಲ್ಲ, ಗಾಡಿ ಹೊರಟ ಮೇಲೆ ಬಂದರೆ ಓಡಿಬಂದರೂ ಸಿಗುವುದಿಲ್ಲ. ಅಂಬತ್ತೂರಿನಿಂದ ನಿನ್ನನ್ನು ಹೊಸೂರಿಗೆ ಹಾಕಿ ಮೂರು ವರ್ಷವಾಯಿತು. ಈ ಮೂರು ವರ್ಷವೂ ತಿಂಗಳು ತಿಂಗಳೂ ನೀನು ಗಾಡಿ ಹೋಗಿ ನಾಲ್ಕು ದಿನವಾದ ಮೇಲೆ ಬಂದಿದ್ದೀಯ, ಎಣಿಕೆ ತಪ್ಪಿದ್ದಕ್ಕೆ ಮೂರು ದಿನ, ಅವಳದು ಮುಂಚೆ ಬರುವುದಕ್ಕೆ ಒಂದು.

ಅವರು ಇನ್ನೂ ಒಂದು ಮಾತು ಹೇಳಿದರು, ಅದನ್ನೂ ಬರೆಯುತ್ತೇನೆ, ನೀನು ಮಾಡಬೇಕಾದದ್ದು ಅದು. ಒಂದೇ ದಿನ ಎಂದು ಕಾಯಬಾರದಂತೆ, ಆ ಐದಾರು ದಿನಗಳಲ್ಲಿ ದಿನ ಬಿಟ್ಟು ದಿನವಾದರೂ ಜೊತೆಗಿರಬೇಕಂತೆ. ಹಾಗಿದ್ದರೂ ಒಂದು ತಿಂಗಳಲ್ಲಿ ಕೈಗೂಡುವ ಸಾಧ್ಯತೆ ಐದರಲ್ಲಿ ಒಂದು ಪಾಲು ಇದ್ದರೆ ಹೆಚ್ಚು. ಆಗಲಿಲ್ಲವೆಂದರೆ ಯಾರನ್ನೂ ದೂರುವ ಹಾಗಿಲ್ಲ. ಸ್ಕ್ಯಾನಿನಲ್ಲಿ ತೊಂದರೆಯೇನೂ ಕಾಣಲಿಲ್ಲ, ಆದರೆ ಅವಳಿಗೆ ಮೂವತ್ತೈದು ಹತ್ತಿರ ಬಂತು, ಇನ್ನು ತಿಂಗಳುಗಳನ್ನು ಪೋಲು ಮಾಡಬೇಡಿ ಎಂದರು. ಕೆಲವು ತಿಂಗಳು ಸರಿಯಾಗಿ ಪ್ರಯತ್ನಪಟ್ಟು ಬನ್ನಿ, ಆಮೇಲೆ ಉಳಿದ ಪರೀಕ್ಷೆ ನೋಡೋಣ ಎಂದರು.

ಆಟೋದಲ್ಲಿ ಬರುವಾಗ ಚಿನ್ಮಯಿ ಡಾಕ್ಟರಮ್ಮ ಗೆರೆ ಎಳೆದುಕೊಟ್ಟ ಹಾಳೆಯನ್ನು ಬಿಚ್ಚಿ ನೋಡಿದಳು. ಆಮೇಲೆ, "ಮಾವ, ಹಾಗಾದ್ರೆ ನನ್ನ ದೇಹದಲ್ಲಿ ಏನೂ ಐಬಿಲ್ಲ ಅಲ್ವಾ? ಬರೀ ಎಣಿಸೋದರಲ್ಲಿ ತಪ್ಪಿದ್ದು ಅಲ್ವಾ?" ಎಂದಳು. ಹೌದಮ್ಮ ಎಂದೆ. ಅಷ್ಟಕ್ಕೇ ನಗಲು ಶುರುಮಾಡಿದಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ದೇವಸ್ಥಾನದ ಕೊಳದ ಹತ್ತಿರ ಆಟೋ ನಿಲ್ಲಿಸಿ, ಸಕ್ಕರೆ ಕಾಯಿಲೆಯವನು ಬೇಡಮ್ಮ ಎಂದರೂ ಕೇಳದೆ ನನಗೂ ರೋಸ್ ಮಿಲ್ಕ್ ಕುಡಿಸಿದಳು. ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಹಾಗೆ ನಗುತ್ತಿದ್ದಳು, ನಿನಗೆ ನೆನಪಿದೆಯೋ ಇಲ್ಲವೋ.

ಮನೆಗೆ ಬಂದು, ಅವಳು ಮುಖ ತೊಳೆಯಲು ಹೋದ ತಕ್ಷಣ ನಿನಗೆ ಫೋನ್ ಮಾಡಿದೆ. ಒಳ್ಳೆಯ ಸುದ್ದಿ ಮೊದಲು ನಾನೇ ಹೇಳಬೇಕೆಂಬ ಆಸೆ. ನಾವು ಇಷ್ಟು ದಿನ ತಪ್ಪಾಗಿ ಎಣಿಸುತ್ತಿದ್ದೆವು ಕಣೋ ಎಂದೆ. ನೀನು ಏನೆಂದೆ? ನೆನಪಿಲ್ಲದಿದ್ದರೆ ನಾನು ಬರೆಯುತ್ತೇನೆ.

"ಗೊತ್ತಿತ್ತಪ್ಪ."

ಏನು ಗೊತ್ತಿತ್ತು ಎಂದೆ. "ಎರಡು ವರ್ಷದ ಹಿಂದೆ ಇಲ್ಲೇ ನನ್ನ ಟೆಸ್ಟ್ ಮಾಡಿಸಿದೆನಲ್ಲ, ಆವಾಗ ಡಾಕ್ಟರ್ ಹೇಳಿದ್ರು. ನಂದೇನೂ ತೊಂದರೆ ಇಲ್ಲ ಅಂದ್ರು. ಬ್ಲೀಡಿಂಗ್ ಶುರುವಾದ ದಿನದಿಂದ ಎಣಿಸ್ಬೇಕು ಅಂತಾನೂ ಅಂದ್ರು." ಮತ್ತೆ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದೆ. "ಅಮ್ಮನ ಹತ್ರ ಅದೆಲ್ಲ ಹೇಗಪ್ಪ ಮಾತಾಡೋದು? ಬೇಜಾರು ಮಾಡ್ಕೋತಾರೆ. ಚಿನ್ಮಯಿಗೆ ಹೇಳಿದ್ರೆ ಅಮ್ಮನ ಜೊತೆ ಜಗಳ ಆಗುತ್ತೆ. ಮೂರು ದಿನ ಹೆಚ್ಚುಕಮ್ಮಿ ಆದ್ರೆ ಏನು ಮಹಾ ಅಂದ್ಕೊಂಡೆ." ಅಷ್ಟು ಹೇಳಿ, ಮೀಟಿಂಗ್ ಇದೆ ಎಂದು ಕಟ್ ಮಾಡಿದೆ.

ಮೂರು ದಿನ ಏನು ಮಹಾ! ಇಂಜಿನಿಯರು ನೀನು. ಮಿಷನ್ನಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೆ ಇಡೀ ಲಾಟನ್ನು ಎಸೆಯುತ್ತೇವೆ ಎಂದು ನನ್ನ ಮುಂದೆ ಜಂಬ ಕೊಚ್ಚಿಕೊಂಡವನು. ಅಮ್ಮನಿಗೆ ಬೇಜಾರಾಗಬಾರದು, ಸರಿ. ಹೆಂಡತಿಗೆ ಆಗಬಹುದೇ? ನಿನ್ನದು ಸರಿಯಿದೆ ಎಂದು ಗೊತ್ತಾದ ದಿನ ಹಾಯಾಗಿ ಉಸಿರು ಬಿಟ್ಟಿರಬೇಕು. ಆ ಟೆಸ್ಟ್ ಮಾಡಿಸಿದ್ದನ್ನೂ ಅವಳಿಗೆ ಹೇಳಲಿಲ್ಲ. ಉಳಿದದ್ದೆಲ್ಲ ಅವಳ ತಲೆಯ ಮೇಲೆ ಬೀಳಲಿ ಎಂದು ಬಿಟ್ಟುಬಿಟ್ಟೆ.

ಬಿದ್ದದ್ದನ್ನು ನಾನು ನೋಡಿದ್ದೇನೆ, ನೀನೂ ನೋಡಿದ್ದೀಯ. ಏಪ್ರಿಲ್‌ನಲ್ಲಿ ನಿನ್ನ ಸೋದರಮಾವನ ಮಗಳು ನೇಹಾಳ ಸೀಮಂತ ಆಯಿತಲ್ಲ, ಚಿನ್ಮಯಿ ಹೊಸ ಸೀರೆ ಉಟ್ಟು ಬಳೆಯ ತಟ್ಟೆ ಹಿಡಿದುಕೊಂಡು ಬಂದಳು. ನೇಹಾ ಆಗಲೇ ಕೈ ಚಾಚಿದ್ದಳು. ನಿನ್ನ ಅಮ್ಮ ಎದ್ದು ಹೋಗಿ ಆ ತಟ್ಟೆಯನ್ನು ಅವಳ ಕೈಯಿಂದ ತೆಗೆದುಕೊಂಡು, "ನೀನು ಸ್ವಲ್ಪ ಆ ಕಡೆ ಕೂತ್ಕೋಮ್ಮ, ಮೊದಲು ಮಕ್ಕಳಾದವರು ತೊಡಿಸಲಿ" ಎಂದಳು. ಎಲ್ಲರಿಗೂ ಕೇಳಿಸಿತು. ಚಿನ್ಮಯಿ ನಿನ್ನ ಮುಖ ನೋಡಿದಳು. ನೀನು ಪಕ್ಕದಲ್ಲೇ ನಿಂತು ಫೋನ್ ತೀಡುತ್ತಿದ್ದೆ. ಇವನಿಗೆ ಸಂಕಟವಾಗಿದೆ, ಅದಕ್ಕೆ ತಲೆ ಎತ್ತುತ್ತಿಲ್ಲ ಎಂದು ಅವತ್ತು ನಾನು ನಿನ್ನ ಪರವಾಗಿ ಅಂದುಕೊಂಡೆ. ನಿನಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ತಲೆ ಎತ್ತಲಿಲ್ಲ. ಇದನ್ನು ಬರೆಯುವಾಗ ಪೆನ್ನು ಹಾಳೆಯನ್ನು ಹರಿಯಿತು, ಅದಕ್ಕೆ ಇಲ್ಲಿ ತೂತಾಗಿದೆ.

ನಿನ್ನ ಅಮ್ಮನಿಗೆ ನಾನೇ ಹೇಳಿದೆ. ನೀನು ಎರಡು ವರ್ಷ ಹೆದರಿ ಮುಚ್ಚಿಟ್ಟ ಮಾತು, ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಹೇಳಿ ಮುಗಿಯಿತು. ಮೊದಲು ಒಪ್ಪಲಿಲ್ಲ. "ಹೊರಗಿರೋ ದಿನಾನ ಯಾರಾದ್ರೂ ಲೆಕ್ಕಕ್ಕೆ ಹಿಡೀತಾರಾ? ನಮ್ಮತ್ತೆ ಹಿಡೀತಿರಲಿಲ್ಲ. ಕೆಳಗಿನ ಮನೆ ಮಾಮೀನೂ 'ಮುಳುಗಾಮ ಇರ್ಕಾಳಾ' ಅಂತಾನೇ ತಾನೆ ಕೇಳೋದು, ಸ್ನಾನ ನಿಂತಿದೆಯಾ, ಅಂದ್ರೆ ಬಸುರಾ ಅಂತ? ಎಲ್ಲಾ ಊರಲ್ಲೂ ಸ್ನಾನದ್ದೇ ಲೆಕ್ಕ. ಹಾಗೆ ಎಣಿಸಿಯೇ ನಾನು ಇಬ್ಬರನ್ನ ಹೆತ್ತಿಲ್ವಾ?" ಎಂದಳು. ಪ್ರೇಮಾ, ನಾನು ದಿನಾ ಮನೆಗೆ ಬರುತ್ತಿದ್ದೆ, ನೀನು ಹೇಗೆ ಎಣಿಸಿದ್ದರೂ ಹೆರುತ್ತಿದ್ದೆ ಎಂದೆ. ಬೇರೆ ಹೊತ್ತಾಗಿದ್ದರೆ ಸೌಟು ಎತ್ತುತ್ತಿದ್ದಳು. ಅವತ್ತು ದೇವರ ಮನೆಯ ಬಾಗಿಲಲ್ಲಿ ಹೋಗಿ ಕೂತಳು. ಅಲ್ಲಿಂದಲೇ, "ಯಾರಾದ್ರೂ ಒಂದು ಮಾತು ಹೇಳಿದ್ರೆ ನಾನೇನು ಕಚ್ಚಿಬಿಡ್ತಿದ್ನಾ?" ಎಂದಳು. ನಿನಗೆ ಗೊತ್ತಿತ್ತು ಎಂಬುದನ್ನು ಅವಳಿಗೆ ನಾನು ಹೇಳಿಲ್ಲ.

ಚಿನ್ಮಯಿಗೂ ಹೇಳಿಲ್ಲ. ಅವಳ ಸಂತೋಷ ನೋಡಿದರೆ ಮೈ ಉರಿಯುತ್ತದೆ ಎಂದು ಮೇಲೆ ಬರೆದೆನಲ್ಲ, ಇದಕ್ಕೇ. ಇದೊಂದು ಪೆದ್ದು ತಪ್ಪು, ಮನೆಯವರೆಲ್ಲ ಸೇರಿ ಗೊತ್ತಿಲ್ಲದೆ ಮಾಡಿದ್ದು, ಇನ್ನು ಸರಿಹೋಯಿತು ಎಂದು ಅವಳು ನಂಬಿದ್ದಾಳೆ. ಆಫೀಸಿನಿಂದ ಬಂದರೆ ಹಾಡು ಗುನುಗುತ್ತಾಳೆ. ಮೊನ್ನೆ ಶುಕ್ರವಾರ ಬೆಳಿಗ್ಗೆ ಎದ್ದು ಬಂದು, "ಅತ್ತೆ, ಇವತ್ತು ಒಂದನೇ ದಿನ" ಎಂದು ಗಟ್ಟಿಯಾಗಿ ಹೇಳಿ, ಬಾಲ್ಕನಿ ಕೋಣೆಗೆ ಹೋಗದೆ ಸೀದಾ ಅಡಿಗೆಮನೆಗೆ ನುಗ್ಗಿ ಕಾಫಿ ಬೆರೆಸಿದಳು. ಶುಕ್ರವಾರ ಬೇರೆ! ನಿನ್ನ ಅಮ್ಮ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು, ಆದರೆ ಕಾಫಿ ಕುಡಿದಳು. ಲೋಟ ಕೆಳಗಿಟ್ಟು, ಸಕ್ಕರೆ ಕಮ್ಮಿ ಎಂದಳು.

ಈಗ ನಾನು ಹೇಳುವುದನ್ನು ಸರಿಯಾಗಿ ಕೇಳು. ಈ ಗುರುವಾರದೊಳಗೆ ನೀನು ಇಲ್ಲಿರಬೇಕು, ಅದು ಏಳನೇ ದಿನ, ಡಾಕ್ಟರಮ್ಮ ಹೇಳಿದ ದಿನಗಳು ಅಲ್ಲಿಂದ ಶುರು. ನಿನ್ನ ಅಮ್ಮ ಫೋನ್ ಮಾಡಲಿ ಎಂದು ಕಾಯಬೇಡ, ಅವಳು ಇನ್ನು ಮಾಡುವುದಿಲ್ಲ. ನಾನೂ ಮಾಡುವುದಿಲ್ಲ. ಒಂದು ವಾರ ರಜೆ ಹಾಕು. ಕೊಡುವುದಿಲ್ಲ ಎಂದರೆ ಅಪ್ಪನಿಗೆ ಸೀರಿಯಸ್ ಎಂದು ಹೇಳು, ಸುಳ್ಳೇನಲ್ಲ. ಬಂದವನು ಚಪ್ಪಲಿ ಬಿಟ್ಟ ತಕ್ಷಣ ಚಿನ್ಮಯಿಯನ್ನು ಬೀಚಿಗೋ ಎಲ್ಲಿಗೋ ಕರೆದುಕೊಂಡು ಹೋಗಿ, ನಿನಗೆ ಎರಡು ವರ್ಷದಿಂದ ಗೊತ್ತಿತ್ತು ಎಂಬುದನ್ನು ನಿನ್ನ ಬಾಯಿಂದಲೇ ಹೇಳಬೇಕು. ಟೆಸ್ಟಿನ ವಿಷಯವನ್ನೂ ಹೇಳಬೇಕು. ಈ ವಾರ ಹೇಗೋ ಕಳೆಯಲಿ, ಅವಳು ಬಸುರಿಯಾದ ಮೇಲೆ ನಿಧಾನವಾಗಿ ಹೇಳೋಣ ಎಂಬ ಉಪಾಯ ನಿನ್ನ ತಲೆಯಲ್ಲಿ ಆಗಲೇ ಹುಟ್ಟಿರುತ್ತದೆ, ನಿನ್ನನ್ನು ನಾನು ಬಲ್ಲೆ. ಅದು ನಡೆಯುವುದಿಲ್ಲ. ಗೊತ್ತಿಲ್ಲದೆ ಅವಳು ನಿನ್ನ ಜೊತೆ ಒಂದು ದಿನವೂ ಇರಕೂಡದು. ಮೊದಲು ಹೇಳು. ಆಮೇಲೆ ಅವಳು ಜಗಳವಾಡಲಿ, ತವರಿಗೆ ಹೋಗಲಿ, ನಿನ್ನನ್ನು ಹಜಾರದಲ್ಲಿ ಮಲಗಿಸಲಿ. ಈ ತಿಂಗಳು ಕೈತಪ್ಪಿದರೆ ತಪ್ಪಲಿ, ಅದು ಅವಳು ತಿಳಿದು ಮಾಡಿದ ತೀರ್ಮಾನವಾಗಿರುತ್ತದೆ. ನೀನು ಹೇಳದಿದ್ದರೆ ಶುಕ್ರವಾರ ಬೆಳಿಗ್ಗೆ ನಾನು ಹೇಳುತ್ತೇನೆ, ನಾನು ಹೇಳಿದರೆ ಹೇಗಿರುತ್ತದೆ ಎಂಬುದನ್ನು ಈ ಕಾಗದದಿಂದ ಊಹಿಸಿಕೋ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಮೆಸ್ಸಿನ ಎಣ್ಣೆ ನಿನಗೆ ಆಗುವುದಿಲ್ಲ, ಬರುವಾಗ ಗ್ಯಾಸಿನ ಮಾತ್ರೆ ಮರೆಯಬೇಡ. ಎಷ್ಟು ಬೈದರೂ ನೀನು ನನ್ನ ಮಗನೇ. ದೇವರು ನಿನಗೆ ಆಯಸ್ಸು ಕೊಡಲಿ, ಅದರ ಜೊತೆ ಬಾಯಿಯನ್ನೂ ಕೊಡಲಿ.

ಇತಿ,
ನಿನ್ನ ಅಪ್ಪ
ನಂಜುಂಡ

ತಾ.ಕ.: ಇದನ್ನು ಒಳಗೆ ಬರೆಯಲು ಕೈ ಬರಲಿಲ್ಲ. ನನ್ನ ಕಿವಿಗೆ ಸ್ಪೀಕರ್ ಹಾಕದಿದ್ದರೆ ಫೋನ್ ಕೇಳಿಸುವುದಿಲ್ಲ. ಅವತ್ತು ನೀನು ಮಾತಾಡಿದಾಗ ಸೀತಾ ಅಲ್ಲೇ ಮೇಜಿನ ಮುಂದೆ ಪೇಪರು ತಿದ್ದುತ್ತಾ ಕೂತಿದ್ದಳು. ಅವಳ ಗಂಡನೂ ವಿಶಾಖಪಟ್ಟಣದಿಂದ ತಿಂಗಳಿಗೊಮ್ಮೆ ತಾನೇ ಬರುತ್ತಿದ್ದದ್ದು, ಅವಳಿಗೂ ಫೋನಿನಲ್ಲಿ ದಿನ ಎಣಿಸಿ ಹೇಳುತ್ತಿದ್ದವಳು ನಿನ್ನ ಅಮ್ಮನೇ. ಮಕ್ಕಳಾಗಲಿಲ್ಲ ಎಂದು ಗಂಡನ ಕಡೆಯವರು ವಿಚ್ಛೇದನಕ್ಕೆ ಕೋರ್ಟಿಗೆ ಹೋದರು, ಹೋದ ವರ್ಷ ಅವಳು ಎರಡು ಸೂಟ್‌ಕೇಸ್ ಹಿಡಿದು ಇಲ್ಲಿಗೆ ಬಂದಳು. ಅವಳದೂ ಇದೇ ಕಾರಣವೋ, ಬೇರೆ ಏನಾದರೂ ಇತ್ತೋ, ಇನ್ನು ತಿಳಿಯುವ ದಾರಿಯಿಲ್ಲ. ಇಷ್ಟು ದಿನ ಅವಳು ಆ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಈಗ ನಾನು ಈ ಕಾಗದ ಮಡಿಚಿ ಕವರಿಗಾಗಿ ಹುಡುಕುತ್ತಿದ್ದಾಗ ಬಂದು, "ಅಪ್ಪ, ಎರಡು ವರ್ಷದ ಹಿಂದೆ ಅಂದ್ನಲ್ಲ ಶ್ರೀಶ, ಆವಾಗ ನನ್ನ ಮದುವೆ ಇನ್ನೂ ಇತ್ತು ಅಲ್ವಾ?" ಎಂದು ಕೇಳಿದಳು. ಇತ್ತಮ್ಮ ಎಂದೆ. ಅವಳು ತನ್ನ ಚೀಲದಿಂದ ಒಂದು ಕವರು ತೆಗೆದು ತಂದಳು. ಮೇಲೆ ನಿನ್ನ ವಿಳಾಸ ಬರೆದಿರುವವಳು ಅವಳೇ.